ಓಡಿದ್ದು ಕಡಿಮೆಯಾದಷ್ಟೂ ಬೆಲೆ ಹೆಚ್ಚು! ಫೆರಾರಿ 458 ಸ್ಪೆಚಾಲೆಗೆ ಸಂಗ್ರಾಹಕರು ಮುಗಿಬೀಳುವುದೇಕೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾವು ಮೊದಲು ಕೇಳುವುದು 'ಎಷ್ಟು ಕಿಲೋಮೀಟರ್ ಓಡಿದೆ?' ಎಂದು. ಕಡಿಮೆ ಓಡಿದ್ದರೆ ಒಂದಿಷ್ಟು ಹೆಚ್ಚು ಕೊಡುತ್ತೇವೆ. ಹಾಗಂತ ಹೊಸ ಕಾರಿನ ಬೆಲೆಯನ್ನು ಯಾರೂ ಕೊಡುವುದಿಲ್ಲ. ಆದರೆ ಇಟಲಿಯ ಫೆರಾರಿ 458 ಸ್ಪೆಚಾಲೆ ವಿಚಾರದಲ್ಲಿ ಈ ಲೆಕ್ಕವೇ ಉಲ್ಟಾ. ಹತ್ತು ವರ್ಷ ದಾಟಿದ್ದರೂ ಹೆಚ್ಚು ಓಡದ ಸ್ಪೆಚಾಲೆ, ಶೋರೂಂನಲ್ಲಿದ್ದಾಗಿನ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತದೆ. ರೇಸ್ ಟ್ರ್ಯಾಕ್‌ಗೆಂದು ಹದಗೊಳಿಸಿದ ಕಾರು ಗ್ಯಾರೇಜ್‌ನಲ್ಲಿ ನಿಂತಷ್ಟೂ ದುಬಾರಿಯಾಗುವುದೇಕೆ? ಹಾಗೆ ನಿಂತ ಕಾರು ನಿಜಕ್ಕೂ ಚೆನ್ನಾಗಿರುತ್ತದೆಯೇ?

ಏನಿದರ ವಿಶೇಷ?

ಸ್ಪೆಚಾಲೆ ಮೊದಲು ಕಾಣಿಸಿಕೊಂಡಿದ್ದು 2013ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ. ಇದು 458 ಇಟಾಲಿಯಾ ಕಾರಿನದ್ದೇ ಟ್ರ್ಯಾಕ್ ಮಾದರಿ. ತೂಕ ಇಳಿಸಲು ನೆಲದ ಕಾರ್ಪೆಟ್ ತೆಗೆದರು, ಗಾಜು ತೆಳುವಾಯಿತು. ಹೀಗೆ ಒಟ್ಟು 90 ಕೆ.ಜಿ. ಕಡಿಮೆಯಾಯಿತು. ವೇಗ ಹೆಚ್ಚಿದಾಗ ಮುಂಭಾಗದ ಪುಟ್ಟ ರೆಕ್ಕೆಗಳು ತಾವಾಗಿಯೇ ತೆರೆದುಕೊಂಡು ಗಾಳಿಯ ಹರಿವನ್ನು ಸರಿಹೊಂದಿಸುತ್ತವೆ.

4.5 ಲೀಟರ್ ವಿ8 ಎಂಜಿನ್‌ನ ಶಕ್ತಿ 605 ಅಶ್ವಶಕ್ತಿ. ನಿಂತಲ್ಲಿಂದ 100 ಕಿ.ಮೀ. ವೇಗ ತಲುಪಲು ಬೇಕಾಗುವುದು ಕೇವಲ 3 ಸೆಕೆಂಡ್. ಫೆರಾರಿಯ ಸ್ವಂತ ಟ್ರ್ಯಾಕ್ ಆದ ಫಿಯೊರಾನೊದಲ್ಲಿ ಒಂದು ಸುತ್ತನ್ನು 1 ನಿಮಿಷ 23.5 ಸೆಕೆಂಡ್‌ನಲ್ಲಿ ಮುಗಿಸಿ, ಕಂಪನಿಯ ಹೆಸರಾಂತ ಎಂಝೊ ಕಾರನ್ನೂ ಹಿಂದಿಕ್ಕಿತು.

ಟರ್ಬೋ ಇಲ್ಲದ ಕೊನೆಯ ತಲೆಮಾರು

ಸಂಗ್ರಾಹಕರಿಗೆ ವೇಗಕ್ಕಿಂತ ಮುಖ್ಯವಾದ ಕಾರಣ ಬೇರೆಯಿದೆ. 2015ರಲ್ಲಿ ಬಂದ 488 ಜಿಟಿಬಿಗೆ ಫೆರಾರಿ ಟರ್ಬೋ ಅಳವಡಿಸಿತು. ಹೊಗೆ ನಿಯಮಗಳು ಬಿಗಿಯಾಗುತ್ತಿದ್ದಾಗ ಚಿಕ್ಕ ಎಂಜಿನ್‌ನಿಂದಲೇ ಹೆಚ್ಚು ಶಕ್ತಿ ಪಡೆಯಲು ಇದು ದಾರಿ. ಆದರೆ ಸೈಲೆನ್ಸರ್‌ಗೆ ಹೋಗುವ ಹೊಗೆಯಿಂದಲೇ ಟರ್ಬೋ ತಿರುಗುವುದರಿಂದ ಎಂಜಿನ್‌ನ ಸದ್ದು ಮಂಕಾಗುತ್ತದೆ. 9,000 ಆರ್‌ಪಿಎಂ ಮುಟ್ಟುವ ಸ್ಪೆಚಾಲೆಯ ಆ ಕೂಗು ನಂತರದ ವಿ8 ಕಾರುಗಳಲ್ಲಿ ಸಿಗಲಿಲ್ಲ. ಇದರ ಓಪನ್ ಟಾಪ್ ಮಾದರಿ ಸ್ಪೆಚಾಲೆ ಎ ತಯಾರಾಗಿದ್ದು 499 ಮಾತ್ರ. ಮತ್ತೆ ತಯಾರಾಗದ ಕಾರು ಎಂದ ಮೇಲೆ, ಹೊಸದರಂತೆಯೇ ಉಳಿದಿರುವುದಕ್ಕೆ ಪೈಪೋಟಿ ಸಹಜ.

ಮೀಟರ್ ನಂಬಿದರೆ ಸಾಲದು

ಆದರೆ ಕಾರನ್ನು ಓಡಿಸಿದರೆ ಬೆಲೆ ಇಳಿಯುತ್ತದೆ, ಓಡಿಸದಿದ್ದರೆ ಕಾರೇ ಕೆಡುತ್ತದೆ. ಮಾಲೀಕರ ನಿಜವಾದ ಪೇಚಾಟ ಇದು. ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ. ರಬ್ಬರ್ ಸೀಲ್‌ಗಳು ಒಣಗಿ ಆಯಿಲ್ ಸೋರಬಹುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ಹಳಸುತ್ತದೆ. ನೋಡಲು ಹೊಸದರಂತಿರುವ ಟೈರ್‌ನ ರಬ್ಬರ್ ಗಟ್ಟಿಯಾಗಿ ಹಿಡಿತ ತಪ್ಪುತ್ತದೆ. 605 ಅಶ್ವಶಕ್ತಿಯ ಕಾರಿನಲ್ಲಿ ಇದು ಜೀವಕ್ಕೇ ಅಪಾಯ.

ಟೈರ್‌ನ ವಯಸ್ಸು ತಿಳಿಯುವುದು ಸುಲಭ. ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 1514 ಎಂದಿದ್ದರೆ ಅದು 2014ರ 15ನೇ ವಾರ ತಯಾರಾದ ಟೈರ್.

ಹಾಗಾಗಿ ಅನುಭವಿ ಸಂಗ್ರಾಹಕರು ಮೀಟರ್ ಜತೆಗೆ ಸರ್ವಿಸ್ ದಾಖಲೆಯನ್ನೂ ಕೇಳುತ್ತಾರೆ. ಕಾರು ಓಡದಿದ್ದರೂ ಪ್ರತಿವರ್ಷ ಸರ್ವಿಸ್ ಆಗಿದೆಯೇ? ಪ್ರತಿ ಬಾರಿಯೂ ಬರೆದಿಟ್ಟ ಕಿಲೋಮೀಟರ್ ಈಗಿನ ಮೀಟರ್‌ಗೆ ತಾಳೆಯಾಗುತ್ತದೆಯೇ? ಬಣ್ಣ, ಬಿಡಿಭಾಗಗಳು ಮೂಲದವೇ? ಇವಕ್ಕೆ ಉತ್ತರ ಸಿಗದಿದ್ದರೆ ಕಡಿಮೆ ಕಿಲೋಮೀಟರ್ ಬರೀ ಒಂದು ಸಂಖ್ಯೆ ಅಷ್ಟೇ.

ಭಾರತಕ್ಕೆ ತರಬಹುದೇ?

ತಯಾರಾಗಿ 3 ವರ್ಷ ಮೀರಿದ ಬಳಸಿದ ಕಾರಿನ ಆಮದಿಗೆ ನಮ್ಮ ನಿಯಮಗಳಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ವಿದೇಶದಲ್ಲಿರುವ ಸ್ಪೆಚಾಲೆ ಕೊಂಡು ಇಲ್ಲಿಗೆ ತರುವುದು ದುಡ್ಡಿದ್ದವರಿಗೂ ಕಷ್ಟ. ಆದರೆ ಸಂಗ್ರಾಹಕರ ಪಾಠ ನಮಗೂ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ಮಾರುವವರು 'ಗಾಡಿ ಹೆಚ್ಚು ಓಡೇ ಇಲ್ಲ ಸಾರ್' ಎಂದರೆ, ಟೈರ್‌ನ ಆ ನಾಲ್ಕಂಕಿ ನೋಡಿ, ಸರ್ವಿಸ್ ಬುಕ್ ಕೇಳಿ.