ಎರಡು ಅಧಿಕಾರಗಳ ನಡುವೆ ಒಬ್ಬ ಪಾದ್ರಿ

1681ರ ಸುಮಾರಿಗೆ ಕೆಳದಿ ಸಂಸ್ಥಾನದ ಕರಾವಳಿಯಲ್ಲಿ ಒಂದು ಕ್ರೈಸ್ತ ಮನೆಯವರು ಮಗಳ ಮದುವೆ ಗೊತ್ತುಮಾಡಿದರು ಎಂದುಕೊಳ್ಳಿ. ವರ ಸಿಕ್ಕಿದ್ದಾನೆ, ದಿನವೂ ನಿಂತಿದೆ. ತೊಡಕು ಒಂದೇ: ಮದುವೆ ಮಾಡಿಸಲು ಯಾವ ಪಾದ್ರಿಯನ್ನು ಕರೆಯಬೇಕು? ಗೋವಾದ ಆರ್ಚ್‌ಬಿಷಪರ ಕಡೆಯ ಪಾದ್ರಿ ಮಾಡಿಸಿದರೆ ಮಂಗಳೂರಿನಲ್ಲಿರುವ ಬಿಷಪರ ಕಡೆಯವರು ಅದನ್ನು ಒಪ್ಪುವುದಿಲ್ಲ. ಅವರ ಕಡೆಯ ಪಾದ್ರಿ ಮಾಡಿಸಿದರೆ ಗೋವಾದವರು ಒಪ್ಪುವುದಿಲ್ಲ. ತಮ್ಮ ಮದುವೆ ದೇವರ ಮುಂದೆ ಸಿಂಧುವೋ ಅಲ್ಲವೋ ಎಂಬ ಶಂಕೆಯಲ್ಲೇ ಜನ ಸಂಸಾರ ಮಾಡಬೇಕಾಗಿದ್ದ ಕಾಲ ಅದು. ದೀಕ್ಷಾಸ್ನಾನಕ್ಕೂ ಪಾಪನಿವೇದನೆಗೂ ಇದೇ ಗತಿ.

ಈ ಗೊಂದಲದ ನಡುವೆ ಬಂದು ಇಳಿದವರು ಮೂವತ್ತು ವರ್ಷದ ಜೋಸೆಫ್ ವಾಜ್. ಗೋವಾದ ಸಾಸಷ್ಟಿ ಸೀಮೆಯ ಬಾಣಾವಳಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಕೊಂಕಣಿ ಮಾತಿನ ಮನುಷ್ಯ. ಮುಂದೆ 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಇವರನ್ನು ಸಂತರೆಂದು ಘೋಷಿಸಿದಾಗ ಜಗತ್ತು ನೆನೆದದ್ದು ಶ್ರೀಲಂಕಾದ ಸೇವೆಯನ್ನು. ಆದರೆ ಮುಂದಾಳಾಗಿ ಅವರ ಮೊದಲ ಕಠಿಣ ಪರೀಕ್ಷೆ ನಡೆದದ್ದು ನಮ್ಮ ಕೆಳದಿ ಅರಸರ ನಾಡಿನಲ್ಲಿ.

ಆ ನಾಡಿನ ಬೇರು ಇಂದಿನ ಮೂರು ತಾಲ್ಲೂಕುಗಳಲ್ಲಿ ಇದೆ. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ, ಕೊನೆಯ ರಾಜಧಾನಿ ಬಿದನೂರು ಹೊಸನಗರದಲ್ಲಿ. ಬಿದನೂರೆಂದರೆ ಇಂದಿನ ನಗರ. ಅಲ್ಲಿಂದ ಅಕ್ಕಿ, ಮೆಣಸು ಹೊತ್ತ ಎತ್ತುಗಳು ಘಾಟಿ ಇಳಿದು ಬಸರೂರು, ಕುಂದಾಪುರದ ಬಂದರುಗಳಿಗೆ ಹೋಗುತ್ತಿದ್ದವು. ಕೆಳಗಿನ ಕ್ರೈಸ್ತ ಊರುಗಳ ಹಣೆಬರಹವೂ ಮೇಲಿನ ಅರಮನೆಯಲ್ಲೇ ಬರೆಯಲ್ಪಡುತ್ತಿತ್ತು. ಶಿವಪ್ಪನಾಯಕ 1650ರ ದಶಕದ ಮೊದಲ ಭಾಗದಲ್ಲಿ ಪೋರ್ಚುಗೀಸರ ಕರಾವಳಿ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಕೋಟೆ ಹೋದ ಮೇಲೆ ಅದರ ಆಸರೆಯಲ್ಲಿದ್ದ ಚರ್ಚುಗಳೂ ಸೊರಗಿದವು. ಮುಂದೆ ಪಟ್ಟಕ್ಕೆ ಬಂದ ರಾಣಿ ಚೆನ್ನಮ್ಮ ಪೋರ್ಚುಗೀಸರೊಂದಿಗೆ ವ್ಯಾಪಾರದ ಒಪ್ಪಂದ ಮಾಡಿಕೊಂಡು ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಅಪ್ಪಣೆ ಕೊಟ್ಟಳು. ವಾಜ್ ಬಂದಾಗ ರಾಜ್ಯಭಾರ ಅವಳದೇ.

ಅರಮನೆಯಿಂದ ಅಪ್ಪಣೆ ಸಿಕ್ಕಿತ್ತು. ಜಗಳ ಇದ್ದದ್ದು ಚರ್ಚಿನ ಒಳಗೇ.

ಅದರ ಹಿನ್ನೆಲೆ ಇಷ್ಟು. ಪೂರ್ವದೇಶಗಳಲ್ಲಿ ಚರ್ಚು ಕಟ್ಟುವ, ಬಿಷಪರ ಹೆಸರು ಸೂಚಿಸುವ ಹಕ್ಕನ್ನು ಪೋಪರು ಹಿಂದೆಯೇ ಪೋರ್ಚುಗಲ್ ದೊರೆಗೆ ಬಿಟ್ಟುಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ದೊರೆಯ ಬಲ ಕುಂದುತ್ತಾ ಬಂದಂತೆ, ಅವನ ಕೈ ತಲುಪದ ಊರುಗಳ ಕ್ರೈಸ್ತರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. 1622ರಲ್ಲಿ ರೋಮ್ ತನ್ನದೇ ಆದ ಪ್ರಾಪಗಾಂಡಾ ಫಿದೆ ಎಂಬ ಇಲಾಖೆ ತೆರೆದು, ಪೋಪರ ನೇರ ಪ್ರತಿನಿಧಿಗಳನ್ನು ಕಳಿಸಲಾರಂಭಿಸಿತು. ಹಾಗೆ ಕೆನರಾಕ್ಕೆ, ಅಂದರೆ ಈ ಕರಾವಳಿಗೆ, ಬಂದವರು ಬಿಷಪ್ ತೋಮಸ್ ಡಿ ಕ್ಯಾಸ್ಟ್ರೊ. ಗೋವಾ ಅವರನ್ನು ಒಪ್ಪಲಿಲ್ಲ. ದೊರೆಯ ಹಕ್ಕಿಗೆ ಚ್ಯುತಿ ಎಂದಿತು. ನೆನಪಿಡಬೇಕಾದ ಸಂಗತಿಯೆಂದರೆ ಕ್ಯಾಸ್ಟ್ರೊ ಕೂಡ ಗೋವಾದವರೇ, ದೀವಾಡಿ ದ್ವೀಪದಲ್ಲಿ ಹುಟ್ಟಿದವರು. ಲಿಸ್ಬನ್ ಮತ್ತು ರೋಮ್ ನಡುವಿನ ಹಗ್ಗಜಗ್ಗಾಟದಲ್ಲಿ ಒಂದೇ ನೆಲದ ಇಬ್ಬರು ಎದುರುಬದುರಾಗಿ ನಿಲ್ಲಬೇಕಾಯಿತು.

ವಾಜ್ ಅವರಿಗೆ ಇಲ್ಲಿಗೆ ಬರುವ ಮನಸ್ಸೇ ಇರಲಿಲ್ಲ. ಡಚ್ಚರು ಸಿಂಹಳದ ಕರಾವಳಿಯನ್ನು ಗೆದ್ದು ಕ್ಯಾಥೊಲಿಕ್ ಪಾದ್ರಿಗಳನ್ನೆಲ್ಲ ಓಡಿಸಿದ್ದರು. ಅಲ್ಲಿನ ಜನ ವರ್ಷಗಟ್ಟಲೆ ಪಾದ್ರಿಯಿಲ್ಲದೆ ಇದ್ದಾರೆಂಬ ಸುದ್ದಿ ಗೋವಾಕ್ಕೆ ಮುಟ್ಟಿತ್ತು. ಅಲ್ಲಿಗೆ ಹೋಗುತ್ತೇನೆಂದು ಅವರು ಕೇಳಿಕೊಂಡಿದ್ದರು. ಮೇಲಿನವರು ಬೇರೆಯದೇ ಹೊಣೆ ಹೊರಿಸಿದರು: ಕೆನರಾ ಸೀಮೆಯ ಮುಖ್ಯ ಪಾದ್ರಿಯಾಗಿ ಹೋಗಿ ಗೋವಾದ ಹಕ್ಕನ್ನು ಕಾಯಬೇಕು.

ಅಂತರಂಗದ ಕರೆ ಒಂದು ಕಡೆ, ಮೇಲಿನವರ ಆಜ್ಞೆ ಇನ್ನೊಂದು ಕಡೆ. ಕೆನರಾಕ್ಕೆ ಬಂದ ಮೇಲೆ ಅದಕ್ಕಿಂತ ತೀಕ್ಷ್ಣವಾದ ಇನ್ನೊಂದು ಇಕ್ಕಟ್ಟು ಎದುರಾಯಿತು. ಕಳಿಸಿದವರಿಗೆ ನಿಷ್ಠರಾಗಿರಬೇಕು, ಆದರೆ ಆ ನಿಷ್ಠೆಯನ್ನು ಅಕ್ಷರಶಃ ಪಾಲಿಸಿದರೆ ಪೋಪರೇ ಕಳಿಸಿದ ಬಿಷಪರನ್ನು ಅಲ್ಲಗಳೆಯಬೇಕು, ಜನರ ಒಡಕನ್ನು ಇನ್ನಷ್ಟು ಹಿಗ್ಗಿಸಬೇಕು. ಅವರ ವಿಶ್ವಾಸಕ್ಕೆ ಎರಡೂ ಒಗ್ಗುವಂಥವಲ್ಲ.

ಅವರು ಮಾಡಿದ ಮೊದಲ ಕೆಲಸ ಎದುರಾಳಿಯ ಬಳಿಗೇ ಹೋದದ್ದು. ಕ್ಯಾಸ್ಟ್ರೊ ಅವರನ್ನು ಕಂಡು ಮಾತಿಗೆ ಕೂತರು. ಗೋವಾದ ವಾದವನ್ನು ಬಿಟ್ಟುಕೊಡಲಿಲ್ಲ, ಬಿಷಪರ ಸ್ಥಾನಕ್ಕೆ ಅಗೌರವವನ್ನೂ ತೋರಲಿಲ್ಲ. ಹಕ್ಕು ಯಾರದೆಂಬುದನ್ನು ರೋಮ್ ತೀರ್ಮಾನಿಸಲಿ, ಅಲ್ಲಿಯವರೆಗೆ ಸಂಸ್ಕಾರಗಳು ನಿಲ್ಲದಿರಲಿ, ಜನರ ಮನಸ್ಸಿನ ಅಳುಕು ಹೋಗಲಿ ಎಂಬ ತಾತ್ಕಾಲಿಕ ಹೊಂದಾಣಿಕೆಗೆ ಅವರು ಶ್ರಮಿಸಿದರೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ಎರಡನೆಯ ಕೆಲಸ, ಇಲ್ಲಿನ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಗೋವಾಕ್ಕೆ ತಿಳಿಸಿದ್ದು. ಕಳಿಸಿದವರ ಕಿವಿಗೆ ಹಿತವಾಗುವಂಥ ವರದಿ ಅದಾಗಿರಲಿಲ್ಲ.

ಮೂರನೆಯದು ದಿನನಿತ್ಯದ ಕೆಲಸ. ಬರಿಗಾಲಲ್ಲಿ ಊರೂರು ತಿರುಗಿದರು. ಬಸರೂರು, ಗಂಗೊಳ್ಳಿ, ಕುಂದಾಪುರದ ಕಡೆ ಪಾಳುಬಿದ್ದಿದ್ದ ಚರ್ಚುಗಳಿಗೆ ಮತ್ತೆ ಜೀವ ಕೊಟ್ಟರು, ಮಕ್ಕಳಿಗೆ ಶಾಲೆ ತೆರೆದರು. ಮಂಗಳೂರಿನ ಆಚೆ ಮುಡಿಪಿನ ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇಂದಿಗೂ ಇದೆ. ಅಧಿಕಾರದ ವ್ಯಾಜ್ಯ ಬಗೆಹರಿಯಲಿ, ಆಮೇಲೆ ಸೇವೆ ಎಂದು ಅವರು ಕಾಯಲಿಲ್ಲ.

ಈ ಹೊಂದಾಣಿಕೆಯಿಂದ ವ್ಯಾಜ್ಯ ಮುಗಿಯಿತೇ? ಇಲ್ಲ. 1684ರ ಜುಲೈಯಲ್ಲಿ ಕ್ಯಾಸ್ಟ್ರೊ ತೀರಿಕೊಂಡರು, ಅದೇ ವರ್ಷ ವಾಜ್ ಗೋವಾಕ್ಕೆ ಮರಳಿದರು. ಪದ್ರುವಾದೊ ಮತ್ತು ಪ್ರಾಪಗಾಂಡಾ ಕಲಹ ಇನ್ನೂ ಎರಡು ಶತಮಾನ ನಡೆದು 1886ರ ಒಪ್ಪಂದದ ನಂತರವಷ್ಟೇ ಬಹುಮಟ್ಟಿಗೆ ತಣ್ಣಗಾಯಿತು. ಪ್ರಾಮಾಣಿಕನಾದ ಮುಂದಾಳು ತನ್ನ ಕಾಲದ ಎಲ್ಲ ಸಮಸ್ಯೆಯನ್ನೂ ಗೆಲ್ಲುತ್ತಾನೆಂದು ಈ ಕಥೆ ಹೇಳುವುದಿಲ್ಲ. ದೊಡ್ಡವರ ಜಗಳದ ದಂಡವನ್ನು ಬಡವರ ಮನೆಯ ಮದುವೆ, ನಾಮಕರಣ ತೆರಬಾರದು ಎಂಬಲ್ಲಿ ಅವರು ಗಟ್ಟಿಯಾಗಿ ನಿಂತರು. ಅವರ ನಾಯಕತ್ವದ ತಿರುಳು ಅಲ್ಲೇ ಇದೆ.

ಅಂತರಂಗದ ಕರೆಯೂ ಬತ್ತಲಿಲ್ಲ. 1686ರಲ್ಲಿ ಗೋವಾ ಬಿಟ್ಟು, ಕೂಲಿಯವನ ವೇಷದಲ್ಲಿ ಸಿಂಹಳ ಸೇರಿದರು. 1692ರಲ್ಲಿ ಕ್ಯಾಂಡಿಯ ಬೌದ್ಧ ಅರಸು ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಪೋರ್ಚುಗೀಸ್ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಲ್ಲಿಟ್ಟ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ಬಿಟ್ಟುಹೋದ ರೋಗಿಗಳನ್ನು ವಾಜ್ ಮತ್ತು ಅವರ ಸಂಗಡಿಗರು ಜಾತಿ ಮತ ಕೇಳದೆ ಆರೈಕೆ ಮಾಡಿದರು. ಅಷ್ಟು ಹೊತ್ತಿಗೆ, ಅನುಮಾನಪಟ್ಟಿದ್ದ ಅರಸನೇ ಅವರ ರಕ್ಷಕನಾಗಿದ್ದ. ಮುಂದೆ ಬಿಷಪ್ ದರ್ಜೆಯ ಹೊಣೆ ಹೊರಿಸುವ ಮಾತು ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣು ಮುಚ್ಚಿದರು.

ವಾಜ್ ಕೆನರಾ ಬಿಟ್ಟ ಐದು ವರ್ಷಕ್ಕೆ ಕೆಳದಿಯ ರಾಣಿಗೂ ಅಂಥದೇ ಇಕ್ಕಟ್ಟು ಬಂತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಅವಳ ನಾಡಿಗೆ ಬಂದ. ಆಸರೆ ಕೊಟ್ಟರೆ ಮೊಗಲರ ದಂಡು ಬರುತ್ತದೆ, ಪ್ರಜೆಗಳಿಗೆ ಕೇಡು. ಕೊಡದಿದ್ದರೆ ಶರಣು ಬಂದವನ ಕೈಬಿಟ್ಟ ದೋಷ. ಚೆನ್ನಮ್ಮ ಆಸರೆ ಕೊಟ್ಟು, ಸುರಕ್ಷಿತವಾಗಿ ಜಿಂಜಿಯ ದಾರಿ ಹಿಡಿಸಿದಳು. ಮೊಗಲ್ ಸೈನ್ಯ ಬಂದಾಗ ಕಾದಾಡಿದಳು, ಕೊನೆಗೆ ಸಂಧಿ ಮಾಡಿಕೊಂಡಳು. ವೀರಶೈವ ರಾಣಿ, ಕ್ರೈಸ್ತ ಪಾದ್ರಿ, ಇಬ್ಬರೂ ಒಂದೇ ನಾಡಿನಲ್ಲಿ ಒಂದೇ ದಶಕದಲ್ಲಿ ಎರಡು ಸರಿಗಳ ನಡುವೆ ಸಿಕ್ಕಿಕೊಂಡು, ನಷ್ಟದ ಲೆಕ್ಕ ಗೊತ್ತಿದ್ದೂ ಆಯ್ಕೆ ಮಾಡಿದವರು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪ. ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಮಿಷನ್ನಿನ ರೂಢಿಯ ದೃಷ್ಟಿಯಲ್ಲಿ ಈ ನೆಲದ ಧರ್ಮಗಳು ಬಿಟ್ಟು ಬರಬೇಕಾದವು. ಉತ್ತಂಗಿಯವರ ಅಂತರಂಗ ಅದನ್ನು ಒಪ್ಪಲಿಲ್ಲ. 1921ರಲ್ಲಿ ಅವರು ಪ್ರಕಟಿಸಿದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಆ ತಾಕಲಾಟದಿಂದ ಹುಟ್ಟಿದ್ದು. ಯೆಹೂದಿಗಳ ಹಳೆಯ ಒಡಂಬಡಿಕೆ ಯೇಸುವಿಗೆ ದಾರಿ ಮಾಡಿಕೊಟ್ಟ ಹಾಗೆ ಭಾರತದ ಧರ್ಮಗ್ರಂಥಗಳೂ ಇಲ್ಲಿನ ಕ್ರೈಸ್ತನಿಗೆ ದಾರಿದೀಪ ಎಂಬ ಅವರ ನಿಲುವು ಮಿಷನ್ ವಲಯದ ಹಲವರಿಗೆ ರುಚಿಸಲಿಲ್ಲ.

ಅವರು ಯೇಸುವನ್ನೂ ಬಿಡಲಿಲ್ಲ, ತಮ್ಮ ಮಾತನ್ನೂ ನುಂಗಲಿಲ್ಲ. ಹಳ್ಳಿ ಹಳ್ಳಿ ಅಲೆದು, ಹಸ್ತಪ್ರತಿ ಮತ್ತು ಜನರ ಬಾಯಿಂದ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಒಟ್ಟುಮಾಡಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದರು. ಶರಣರ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಪ್ರಶ್ನೆ ಎದ್ದಾಗ ಅದರ ಪರವಾಗಿ ಪುಸ್ತಕ ಬರೆದವರೂ ಅವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಇಂದು ಶಾಲೆಯ ಮಗು ಸರ್ವಜ್ಞನನ್ನು ಬಾಯಿಪಾಠ ಮಾಡುವುದರ ಹಿಂದೆ ಒಬ್ಬ ಪಾದ್ರಿಯ ಬೆವರಿದೆ. ಭಿನ್ನಮತವನ್ನು ಗೊಣಗಾಟದಲ್ಲಿ ಕಳೆಯದೆ ಕೆಲಸವಾಗಿ ಬದಲಿಸಿದ್ದು ಅವರ ದಾರಿ.

ಇಂದಿನ ಮಲೆನಾಡಿಗೆ ಇದರಿಂದ ಏನು? ಸಾಗರ, ಹೊಸನಗರ, ತೀರ್ಥಹಳ್ಳಿಯ ಕ್ಯಾಥೊಲಿಕ್ ಚರ್ಚುಗಳು 1988ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ರೂಪುಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ಕರಾವಳಿಯಿಂದ ಘಾಟಿ ಹತ್ತಿ ತೋಟದ ಕೆಲಸಕ್ಕೆ ಬಂದ ಕೊಂಕಣಿ ಕುಟುಂಬಗಳು, ಕೇರಳದಿಂದ ಬಂದ ಮಲಯಾಳಿಗಳು, ತಮಿಳರು, ಕನ್ನಡವೇ ಮನೆಮಾತಾದವರು ಒಂದೇ ಚರ್ಚಿನ ಬೆಂಚುಗಳಲ್ಲಿ ಕೂರುವ ಊರುಗಳಿವು. ಪೂಜೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೇ ಸಾಕು, ಮನಸ್ಸುಗಳು ಮುರಿಯಲು. ಅಜ್ಜಿಗೆ ಕೊಂಕಣಿಯ ಹಾಡಿಲ್ಲದೆ ಪ್ರಾರ್ಥನೆ ಸಾಗದು, ಮೊಮ್ಮಗನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಪಾಲನಾ ಸಮಿತಿಯ ಉಪಾಧ್ಯಕ್ಷನಿಗೆ ಇಬ್ಬರ ಮಾತೂ ಸರಿಯೆನಿಸುತ್ತದೆ.

ಇನ್ನು ಕೆಲವು ಇಕ್ಕಟ್ಟುಗಳು ಹೆಚ್ಚು ಖಾಸಗಿ. ಅನ್ಯಧರ್ಮದವರನ್ನು ಮದುವೆಯಾದ ಹುಡುಗಿಯ ಮನೆಗೆ ಹೋಗಬೇಕೇ ಎಂದು ಕೇಳುವ ಉಪದೇಶಿ. ಚರ್ಚಿನ ಶಾಲೆಗೆ ಮಾಡಿಕೊಳ್ಳುವ ನೇಮಕದಲ್ಲಿ ನೆಂಟನ ಹೆಸರು ಕಂಡು ಕಸಿವಿಸಿಪಡುವ ಮುಖ್ಯೋಪಾಧ್ಯಾಯಿನಿ. ಚುನಾವಣೆ ಬಂದಾಗ ಒಂದು ಪಕ್ಷದ ಪರ ಮಾತಾಡಿ ಎಂಬ ಒತ್ತಡದಲ್ಲಿ ಸಿಲುಕುವ ಪಾದ್ರಿ. ಇಂಥವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಬಾಯಿ ಮುಚ್ಚಿಕೊಂಡು ಆದದ್ದಾಗಲಿ ಎನ್ನುತ್ತಾರೆ, ಇಲ್ಲವೇ ಸಿಟ್ಟಿನಿಂದ ರಾಜೀನಾಮೆ ಬಿಸಾಕಿ ಹೋಗುತ್ತಾರೆ. ಎರಡರಲ್ಲೂ ನರಳುವವರು ಮೂರನೆಯವರು, ಅಂದರೆ ಜನ.

ವಾಜ್ ತೋರಿದ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಭಿನ್ನಾಭಿಪ್ರಾಯ ಇದ್ದವರನ್ನು ಮುಖತಃ ಕಾಣುವುದು. ಮೇಲಿನವರಿಗೆ ನಿಜವನ್ನು ನಿಜವಾಗಿಯೇ ಬರೆಯುವುದು. ತೀರ್ಮಾನ ಬರುವ ತನಕ ಯಾರ ಮನೆಯ ಮದುವೆಯೂ, ಮಣ್ಣೂ ನಿಲ್ಲದಂತೆ ನೋಡಿಕೊಳ್ಳುವುದು. ಇವಕ್ಕೆ ಇನ್ನೊಂದನ್ನು ಸೇರಿಸಬಹುದು: ಕೊನೆಗೂ ಆತ್ಮಸಾಕ್ಷಿ ಒಪ್ಪದಿದ್ದರೆ, ಕಾರಣವನ್ನು ಎಲ್ಲರೆದುರು ಹೇಳಿ ಹೊಣೆಯಿಂದ ಇಳಿಯುವುದಕ್ಕೂ ಸಿದ್ಧವಿರುವುದು.

ಕೆಳದಿಯ ಚರಿತ್ರೆಯನ್ನು ನಾವು ಕೋಟೆ, ಕತ್ತಿ, ಕಂದಾಯದ ಸಿಸ್ತುಗಳ ಕಥೆಯಾಗಿ ಓದುತ್ತೇವೆ. ಅದರಲ್ಲಿ ಈ ಬರಿಗಾಲ ಪಾದ್ರಿಗೂ ಜಾಗವಿದೆ. ಈ ಮೂರು ತಾಲ್ಲೂಕಿನ ಚರ್ಚುಗಳು ಪಾಲನಾ ಸಮಿತಿಗೆ ಹೊಸದಾಗಿ ಬರುವವರನ್ನು, ಉಪದೇಶಿಗಳನ್ನು, ಶಾಲೆ ನಡೆಸುವವರನ್ನು ವರ್ಷಕ್ಕೊಂದು ದಿನವಾದರೂ ಕರೆದು ವಾಜ್ ಅವರ ಕೆನರಾದ ಮೂರು ವರ್ಷಗಳ ಕಥೆಯನ್ನು, ಉತ್ತಂಗಿಯವರ ಬದುಕನ್ನು ಕನ್ನಡದಲ್ಲಿ ಹೇಳಬೇಕು, ಅವರವರ ಇಕ್ಕಟ್ಟುಗಳನ್ನು ಬಿಚ್ಚಿಡಲು ಬಿಡಬೇಕು. ಜನವರಿ 16 ವಾಜ್ ಅವರ ಹಬ್ಬದ ದಿನ. ಅಂದೇ ಶುರುಮಾಡಬಹುದು.