ಸರೋವರದ ಹೊಗೆಯಲ್ಲಿ ಹುಟ್ಟಿದ ಹಾಡು

ಗಿಟಾರ್ ಹಿಡಿದ ಹುಡುಗರು ಮೊದಮೊದಲಿಗೇ ಕೈಯಾಡಿಸಿ ನೋಡುವ ಒಂದು ತುಣುಕಿದೆ. ನಮ್ಮ ಸಂಗೀತದ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ: ನಾಲ್ಕೇ ಸ್ವರ. ಎರಡು ಮಧ್ಯಮಗಳೂ ಒತ್ತೊತ್ತಿಗೆ ಬರುವುದರಿಂದಲೇ ಅದಕ್ಕೊಂದು ಖಾರ. ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದಿ ವಾಟರ್' ಶುರುವಾಗುವುದು ಹೀಗೆ. ಅದರ ಸಾಹಿತ್ಯವಾದರೋ ಒಂದು ಬೆಂಕಿ ಅನಾಹುತದ ನೇರ ವರದಿ.

1971ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಈ ತಂಡ ಹೊಸ ಆಲ್ಬಂ ಮಾಡಲು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣಕ್ಕೆ ಬಂದಿತ್ತು. ವೇದಿಕೆಯಲ್ಲಿ ನುಡಿಸಿದಾಗಿನ ಬಿರುಸು ಧ್ವನಿಮುದ್ರಣದಲ್ಲೂ ಸಿಗಬೇಕೆಂಬುದು ಅವರ ಹಟ. ಅದಕ್ಕೆಂದೇ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋವನ್ನು, ಅಂದರೆ ಯಂತ್ರಗಳನ್ನು ತುಂಬಿದ ಲಾರಿಯನ್ನು, ಬಾಡಿಗೆಗೆ ಪಡೆದಿದ್ದರು. ಜಿನೀವಾ ಸರೋವರದ ದಂಡೆಯ ಕ್ಯಾಸಿನೋದಲ್ಲಿ ಧ್ವನಿಮುದ್ರಣವೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಅಲ್ಲಿ ಡಿಸೆಂಬರ್ 4ರಂದು ಫ್ರಾಂಕ್ ಜಪ್ಪಾ ತಂಡದ ಕಛೇರಿ ಇತ್ತು.

ಕಛೇರಿಯ ನಡುವೆ ಪ್ರೇಕ್ಷಕನೊಬ್ಬ ಸಂಕೇತದ ಪಿಸ್ತೂಲಿನಿಂದ ಚಾವಣಿಗೆ ಬೆಂಕಿ ಹಾರಿಸಿದ. ಬೆತ್ತದ ಹೊದಿಕೆ ಹೊತ್ತಿಕೊಂಡಿತು. ಮಾಂಟ್ರೋ ಜಾಝ್ ಉತ್ಸವ ಕಟ್ಟಿದ ಕ್ಲೋಡ್ ನಾಬ್ಸ್ ಒಳಗೋಡಿ ಹುಡುಗರನ್ನು ಹೊರಗೆಳೆದು ತಂದರು. ಇಡೀ ಕ್ಯಾಸಿನೋ ಉರಿದುಹೋದರೂ ಜೀವಹಾನಿ ಆಗಲಿಲ್ಲವೆಂಬುದು ದೊಡ್ಡ ಸಮಾಧಾನ. ಜಪ್ಪಾ ತಂಡದ ವಾದ್ಯಗಳೆಲ್ಲ ಬೂದಿಯಾದವು. ಗಾಳಿಗೆ ಹೊಗೆ ಸರೋವರದ ಮೇಲೆ ಹರಡಿತು. ಡೀಪ್ ಪರ್ಪಲ್‌ನವರು ದೂರದಿಂದ ಅದನ್ನು ನೋಡುತ್ತ ಕುಳಿತರು. ಕೆಲವು ದಿನಗಳ ನಂತರ ಬೇಸ್ ಗಿಟಾರಿನ ರಾಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ಈ ಶೀರ್ಷಿಕೆ ಬಾಯಿಗೆ ಬಂತು. ಗಾಯಕ ಇಯಾನ್ ಗಿಲನ್‌ಗೆ ಅದು ಮಾದಕ ವಸ್ತುವಿನ ಹಾಡಿನಂತೆ ಕೇಳಿಸಿತಂತೆ.

ಜಾಗ ಕಳೆದುಕೊಂಡವರಿಗೆ ನಾಬ್ಸ್ ಪೆವಿಲಿಯನ್ ಎಂಬ ರಂಗಮಂದಿರ ಕೊಡಿಸಿದರು. ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ತಂದ ಆ ನಾಲ್ಕು ಸ್ವರದ ತುಣುಕನ್ನು ರಾತ್ರಿ ಹೊತ್ತು ನುಡಿಸತೊಡಗಿದರು. ಗದ್ದಲ ತಾಳಲಾರದೆ ನೆರೆಹೊರೆಯವರು ದೂರು ಕೊಟ್ಟರು, ಪೊಲೀಸರು ಬಂದರು. ತಂಡದ ಸಹಾಯಕರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದರು. ಪೊಲೀಸರು ಒಳನುಗ್ಗುವುದರೊಳಗೆ ವಾದ್ಯಭಾಗ ಮುಗಿದಿತ್ತು. ಸಾಹಿತ್ಯವಿನ್ನೂ ಇರಲಿಲ್ಲ.

ಮುಂದಿನ ಠಿಕಾಣಿ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಪಡಸಾಲೆಗೆ ಹಾಸಿಗೆಗಳನ್ನು ಅಡ್ಡಗಟ್ಟಿ ಸದ್ದು ಹದಕ್ಕೆ ತಂದರು. ನುಡಿಸಿದ್ದನ್ನು ಕೇಳಲು ಕೋಣೆ, ಬಾಲ್ಕನಿಗಳನ್ನು ದಾಟಿ ಹೊರಗಿನ ಲಾರಿಗೆ ಹೋಗಬೇಕಿತ್ತು. ಆ ಸುತ್ತು ಸಾಕಾಗಿ, ಚೆನ್ನಾಗಿ ಬಂತೆನಿಸಿದರೆ ಮುಂದಿನ ಹಾಡಿಗೆ ಹೋಗಿಬಿಡುತ್ತಿದ್ದರು. ಆಲ್ಬಂನಲ್ಲಿ ಆ ಜೀವಂತಿಕೆ ಉಳಿಯಲು ಈ ಅನನುಕೂಲವೂ ಕಾರಣವೆಂದೇ ನಾನು ನಂಬಿದ್ದೇನೆ. ಕೊನೆಗೆ ಆಲ್ಬಂಗೆ ಇನ್ನೊಂದು ಹಾಡು ಬೇಕಾದಾಗ ಪೆವಿಲಿಯನ್ನಿನ ಆ ತುಣುಕು ನೆನಪಾಯಿತು. ಗಿಲನ್ ಮತ್ತು ಗ್ಲೋವರ್ ತಾವು ಕಂಡದ್ದನ್ನೇ ಬರೆದರು: ಜಪ್ಪಾ, ಬೆಂಕಿ, ಸಂಚಾರಿ ಸ್ಟುಡಿಯೋ, ಓಡಿಬಂದ ಕ್ಲೋಡ್ ಎಲ್ಲರೂ ಅದರಲ್ಲಿದ್ದಾರೆ. ಅಲಂಕಾರವಿಲ್ಲದ ಆ ಸಾಚಾತನವೇ ಹಾಡಿನ ಬಲ.

ಆ ಆಲ್ಬಂ 'ಮಷೀನ್ ಹೆಡ್' ಎಂಬ ಹೆಸರಿನಲ್ಲಿ 1972ರ ಮಾರ್ಚ್‌ನಲ್ಲಿ ಬಂತು. ತಂಡ ಭರವಸೆಯಿಟ್ಟದ್ದು 'ನೆವರ್ ಬಿಫೋರ್' ಹಾಡಿನ ಮೇಲೆ. ಕಛೇರಿಗಳಿಗೆ ಬಂದ ಜನರ ತೀರ್ಪು ಬೇರೆಯಾಯಿತು. 1973ರಲ್ಲಿ ಪ್ರತ್ಯೇಕ ತಟ್ಟೆಯಾಗಿ ಬಿಡುಗಡೆಯಾದ 'ಸ್ಮೋಕ್ ಆನ್ ದಿ ವಾಟರ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು.

ಬರೀ ಗಿಟಾರಿನ ತುಣುಕು ಕೇಳಿ ಬಲ್ಲವರು ಒಮ್ಮೆ ಪೂರ್ತಿ ಹಾಡಿಗೆ ಕಿವಿಗೊಡಿ. ಗಿಟಾರಿನ ಬೆನ್ನಿಗೆ ಇಯಾನ್ ಪೇಸ್‌ನ ತಾಳ, ಜಾನ್ ಲಾರ್ಡ್‌ನ ಗೊಗ್ಗರು ಆರ್ಗನ್, ಆಮೇಲೆ ಗ್ಲೋವರ್‌ನ ಬೇಸ್ ಒಂದೊಂದಾಗಿ ಸೇರುವುದನ್ನು ಗಮನಿಸಿ. ಅದಾದ ಮೇಲೆ 1972ರ ಆಗಸ್ಟ್‌ನಲ್ಲಿ ಕಛೇರಿಗಳಲ್ಲೇ ಮುದ್ರಿಸಿದ 'ಮೇಡ್ ಇನ್ ಜಪಾನ್' ಆಲ್ಬಂನಲ್ಲಿ ಇದೇ ಹಾಡನ್ನು ಕೇಳಿ. ನನ್ನ ಮಟ್ಟಿಗೆ ಅದೇ ಹೆಚ್ಚು.