ಒಳ್ಳೆ ಹವೆಯ ಊರು ಎಂಬ ಹೆಸರು ಬಂದ ಬಗೆ

ಜೂನ್ ಬಂತೆಂದರೆ ಮಲೆನಾಡಿನ ತೋಟದ ಮನೆಗಳಲ್ಲಿ ಬೆಳಗಿನ ಮಾತು ಮಳೆ ಲೆಕ್ಕದಿಂದಲೇ ಶುರುವಾಗುತ್ತದೆ. ನಿಮ್ಮಲ್ಲಿ ಎಷ್ಟು ಇಂಚು, ನಮ್ಮಲ್ಲಿ ಎಷ್ಟು ಸೆಂಟು, ಈ ಸಲ ಆಗುಂಬೆ ಮುಂದೋ ಹುಲಿಕಲ್ಲು ಮುಂದೋ. ಅದೇ ಹೊತ್ತಿಗೆ ಬೆಂಗಳೂರಿನ ಪಾರ್ಕುಗಳಲ್ಲಿ ನಿವೃತ್ತರ ಚರ್ಚೆ ಬೇರೆ: ಈ ಊರು ಸಾಕು, ಇನ್ನು ಮೈಸೂರಿಗೆ ಹೋಗುವುದೋ, ಧಾರವಾಡವೋ, ಚಿಕ್ಕಮಗಳೂರೋ? ಹವಾಮಾನದ ಹುಚ್ಚು ಹತ್ತಿಸಿಕೊಂಡವರು ಎರಡೂ ಕಡೆ ಅಂಕಿ ಒದಗಿಸುತ್ತಾರೆ. ಯಾವ ಊರಿನ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು, ಎಲ್ಲಿ ಎಷ್ಟು ಮಳೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಇದು ಬದುಕಲು ಒಳ್ಳೆಯ ಹವೆ, ಅದು ಕೆಟ್ಟ ಹವೆ ಎಂಬ ತೀರ್ಮಾನದ ಬುಡ ಹುಡುಕಿಕೊಂಡು ಹೊರಟರೆ ನಮ್ಮ ನಾಡಿನಲ್ಲಿ ಮೊದಲು ಸಿಗುವುದು ಜ್ವರ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಶ್ರೀರಂಗಪಟ್ಟಣದಲ್ಲೇ ಪಡೆ ಇಟ್ಟುಕೊಂಡರು. ಸುತ್ತ ಕಾವೇರಿ, ನಾಲೆಗಳು, ನೀರು ನಿಂತ ಗದ್ದೆಗಳು. ಸಿಪಾಯಿಗಳು ಜ್ವರಕ್ಕೆ ಸಾಲುಸಾಲಾಗಿ ಹಾಸಿಗೆ ಹಿಡಿದರು. ದ್ವೀಪದ ಗಾಳಿಯೇ ಕೆಟ್ಟದ್ದೆಂಬುದು ಅಂದಿನ ವೈದ್ಯರ ನಂಬಿಕೆ. ಕೊನೆಗೆ 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಸಾಗಿಸಿ ಹಲಸೂರಿನ ಬಳಿ ದಂಡು ಕಟ್ಟಿದರು. ಬೆಂಗಳೂರಿನ ಹವೆಗೆ ಸರ್ಕಾರಿ ಮುದ್ರೆ ಬಿದ್ದದ್ದು ಆಗ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅಧಿಕಾರದ ಕೇಂದ್ರವೂ ಇಲ್ಲಿಗೇ ಬಂತು. ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರಿಗೆ ಅಷ್ಟೂ ಸಾಲದೆ, ಬೇಸಿಗೆಗೆಂದು ನಂದಿಬೆಟ್ಟದ ಮೇಲೊಂದು ಮನೆ ಎದ್ದಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ವೈಟ್‌ಫೀಲ್ಡ್ ಹುಟ್ಟಿತು. ಜೆಮ್‌ಶೆಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಜಾಗ ನೋಡಲು ಬಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರನ್ನು ಸೂಚಿಸಿದಾಗ ಇಲ್ಲಿನ ಹವೆಯೂ ಲೆಕ್ಕಕ್ಕೆ ಬಂದಿತ್ತು. ಪಿಂಚಣಿದಾರರ ಸ್ವರ್ಗ ಎಂಬ ಬಿರುದಿನ ಹಿಂದೆ ಹೀಗೆ ನೂರು ವರ್ಷಗಳ ವಲಸೆ ಇದೆ.

ಗಾಳಿಯ ಮೇಲೆ ಹೊರಿಸಿದ ಅಪವಾದ ಮಾತ್ರ ನಿಜವಲ್ಲ. 1883ರಲ್ಲಿ ಸೇನಾ ವೈದ್ಯನಾಗಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸ್, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡ. ಶ್ರೀರಂಗಪಟ್ಟಣದ ಗಾಳಿ ತಪ್ಪು ಮಾಡಿರಲಿಲ್ಲ.

ಈ ಅನ್ಯಾಯ ಇನ್ನೂ ದೊಡ್ಡದಾಗಿ ಆದದ್ದು ಮಲೆನಾಡಿಗೆ. ಬಯಲುಸೀಮೆಯ ಮನೆಗಳಲ್ಲಿ ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲವಿತ್ತು. ಸರ್ಕಾರಿ ನೌಕರರಿಗೆ ಅತ್ತ ವರ್ಗವಾದರೆ ಅದು ಶಿಕ್ಷೆ. ಮಲೆನಾಡಿನ ಜ್ವರ, ಉಬ್ಬಿದ ಗುಲ್ಮ, ಬಿಳಿಚಿಕೊಂಡ ಮಕ್ಕಳು ಆ ಸೀಮೆಯ ಗುರುತಾಗಿದ್ದವು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ತಡೆಯುವ ಕೆಲಸ ಕೈಗೆತ್ತಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇಂದು ಅದೇ ಮೂಡಿಗೆರೆ, ಸಕಲೇಶಪುರ, ತೀರ್ಥಹಳ್ಳಿಗಳ ಹೋಂಸ್ಟೇಗಳಿಗೆ ಜನ ತಿಂಗಳ ಮೊದಲೇ ಕೋಣೆ ಹಿಡಿಯುತ್ತಾರೆ. ಮಳೆ ಅದೇ ಮಳೆ, ಮಂಜು ಅದೇ ಮಂಜು. ಒಂದು ರೋಗ ಹಿಂದೆ ಸರಿದದ್ದರಿಂದ ಒಂದು ಸೀಮೆಯ ಹವೆಗೇ ಹೊಸ ಹೆಸರು ಬಂತು. ನಮ್ಮ ನಾಡಿನ ಹವೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ನನಗೆ ಕಾಣುವುದಿಲ್ಲ.

ಊರಿಗೂ ಊರಿಗೂ ನಿಜವಾದ ಹೋಲಿಕೆ ಸಾಧ್ಯವಾಗಬೇಕಾದರೆ ಎಲ್ಲ ಕಡೆ ಒಂದೇ ಬಗೆಯ ಅಳತೆ ಬೇಕಿತ್ತು. ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಈ ಕೆಲಸದ ಹೊಣೆ ಹೊತ್ತರು. 1893ರಿಂದ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ, ಈ ನಾಲ್ಕೂ ಕಡೆಯ ವೀಕ್ಷಣಾಲಯಗಳ ಲೆಕ್ಕ ಒಟ್ಟಿಗೆ ವರದಿಯಾಗಿ ಅಚ್ಚಾಗತೊಡಗಿತು. ಇಂಥ ವೀಕ್ಷಣಾಲಯದ ಹೃದಯ ಒಂದು ಬಿಳಿ ಮರದ ಪೆಟ್ಟಿಗೆ. ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಬಿಸಿಲು ಬೀಳದ ಹಾಗೆ ಬಾಗಿಲು ಉತ್ತರಕ್ಕೆ. ಗಾಳಿಯಾಡಲೆಂದು ಪಕ್ಕಗಳಿಗೆ ಓರೆಯಾಗಿ ಜೋಡಿಸಿದ ಪಟ್ಟಿಗಳು. ಒಳಗೆ ನಾಲ್ಕು ಥರ್ಮಾಮೀಟರು: ಗರಿಷ್ಠಕ್ಕೊಂದು, ಕನಿಷ್ಠಕ್ಕೊಂದು, ಒಣದು, ಒದ್ದೆಯದು. ಒದ್ದೆಯದರ ಬುಡಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರಿಂದ ಒಂದು ಬತ್ತಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟಿರುತ್ತಾರೆ. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಬೇಗ ಆರುತ್ತದೆ, ಪಾದರಸ ಕೆಳಗಿಳಿಯುತ್ತದೆ. ಒಣ, ಒದ್ದೆ ಎರಡರ ನಡುವಿನ ಅಂತರ ಹೆಚ್ಚಿದ್ದ ದಿನ ಮೈ ಬೆವರೂ ಸಲೀಸಾಗಿ ಆರುತ್ತದೆ. ಎರಡೂ ಹತ್ತಿರ ಬಂದ ದಿನ ಅಂಗಿ ಬೆನ್ನಿಗೆ ಅಂಟುತ್ತದೆ.

ಹವಾಮಾನ ಬಲ್ಲವರು ಹಗಲಿನ ಗರಿಷ್ಠವೊಂದನ್ನೇ ಹಿಡಿದು ಮಾತಾಡದಿರುವುದು ಇದಕ್ಕೇ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹಗಲೂ ಮಂಗಳೂರಿನ ಹಗಲೂ 34 ಡಿಗ್ರಿಯ ಆಸುಪಾಸಿನಲ್ಲೇ. ಆದರೆ ರಾತ್ರಿ ಬೆಂಗಳೂರಿನ ಪಾದರಸ 22ರ ಹತ್ತಿರ ಇಳಿದರೆ ಮಂಗಳೂರಿನದು 25ರ ಮೇಲೇ ನಿಲ್ಲುತ್ತದೆ. ಜೊತೆಗೆ ಕಡಲಿನ ತೇವ. ಕಲಬುರಗಿಯ ಮೇ ತಿಂಗಳ ಹಗಲು 40 ದಾಟಿದರೂ ಅದು ಒಣ ಬಿಸಿಲು; ದಪ್ಪ ಗೋಡೆಯ ಮನೆಯೊಳಗೆ ತಡೆದುಕೊಳ್ಳಬಹುದು ಎನ್ನುವವರು ಅಲ್ಲಿದ್ದಾರೆ. ಬೆಂಗಳೂರಿನ ಪುಣ್ಯ ಅದರ ಎತ್ತರ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮೇಲೇರಿದಂತೆ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಂಪು. ಏಪ್ರಿಲ್ ಕಳೆಯುವಷ್ಟರಲ್ಲಿ ಸಂಜೆಯ ಗುಡುಗುಮಳೆ ಸೆಕೆಯನ್ನು ಮುರಿಯುತ್ತದೆ, ಜೂನಿನಿಂದ ಮೋಡದ ಚಪ್ಪರ.

ಜರ್ಮನ್ ವಿಜ್ಞಾನಿ ವ್ಲಾಡಿಮಿರ್ ಕೊಪ್ಪೆನ್ ಜಗತ್ತಿನ ಹವೆಯನ್ನು ವರ್ಗ ಮಾಡಿದ್ದು ಗಿಡಮರಗಳನ್ನು ನೋಡಿಕೊಂಡು. ಅವನ ಲೆಕ್ಕದಲ್ಲಿ ಅತಿ ತಂಪಾದ ತಿಂಗಳ ಸರಾಸರಿಯೂ 18 ಡಿಗ್ರಿಗಿಂತ ಮೇಲಿದ್ದು, ಮಳೆಗೆ ಕೊರತೆಯಿಲ್ಲದಿದ್ದರೆ ಅದು ಉಷ್ಣವಲಯ. ಹಾಗಾಗಿ ಬೆಂಗಳೂರೂ ಮುಂಬಯಿಯೂ ಒಂದೇ ದೊಡ್ಡ ಗುಂಪಿಗೆ ಬೀಳುತ್ತವೆ. ಎರಡೂ ಕಡೆ ಸಂಸಾರ ಮಾಡಿದವರು ಇದನ್ನು ಒಪ್ಪಲಾರರು. ನಮ್ಮ ಹಿರಿಯರ ಮಲೆನಾಡು, ಅರೆಮಲೆನಾಡು, ಬಯಲುಸೀಮೆ, ಕರಾವಳಿ ಎಂಬ ವಿಂಗಡಣೆಯೂ ಬೆಳೆ, ಮಳೆ ನೋಡಿ ಮಾಡಿದ್ದೇ. ಬದುಕುವವರಿಗೆ ಅದು ಇನ್ನೂ ಹತ್ತಿರದ ಲೆಕ್ಕ ಎಂದೇ ನನ್ನ ಎಣಿಕೆ.

ದಾಖಲೆ ಹಳೆಯದಿದ್ದಷ್ಟೂ ಬೆಲೆ ಹೆಚ್ಚು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿದಾಗ, ಅದು 1891ರ ಜೂನ್ 16ರ 101.6 ಮಿಲಿಮೀಟರನ್ನು ಮೀರಿಸಿತೆಂದು ಹೇಳಲು ಸಾಧ್ಯವಾದದ್ದು, ಆ ಕಾಲದಲ್ಲಿ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಅಳೆದು ಬರೆದಿಟ್ಟಿದ್ದರಿಂದ. 1884ರ ಜನವರಿಯಲ್ಲಿ 7.8 ಡಿಗ್ರಿ ಕಂಡ ಊರು 2016ರ ಏಪ್ರಿಲ್ 24ರಂದು 39.2 ಕಂಡಿತು. ಎತ್ತರವನ್ನು ಯಾರೂ ಕದ್ದಿಲ್ಲ. ಆದರೆ ಕೆರೆಗಳ ಮೇಲೆ ಬಡಾವಣೆ ಎದ್ದಿದೆ, ಮರದ ಜಾಗದಲ್ಲಿ ಕಾಂಕ್ರೀಟು ಬಂದಿದೆ. ಹಗಲು ಕುಡಿದ ಕಾವನ್ನು ಅದು ರಾತ್ರಿಯಿಡೀ ಬಿಡುತ್ತದೆ. ಬೆಂಗಳೂರಿಗೆ ಹೆಸರು ತಂದದ್ದೇ ಆ ರಾತ್ರಿಯ ತಂಪು. ಅದನ್ನು ಕಳೆದುಕೊಂಡು ಮೈಸೂರು, ಚಿಕ್ಕಮಗಳೂರಿನತ್ತ ಮುಖ ಮಾಡುವವರು ಅಲ್ಲಿಯೂ ಇದೇ ಕೆಲಸ ಮಾಡಿದರೆ ಅವರ ಮಕ್ಕಳಿಗೆ ಹೋಗಲು ಊರು ಉಳಿಯದು.

ಊರು ಬದಲಿಸುವ ಯೋಚನೆ ಇರುವವರಿಗೆ ನನ್ನದೊಂದು ಮಾತು. ಡಿಸೆಂಬರಿನ ಎರಡು ದಿನದ ಪ್ರವಾಸ ನಂಬಿ ಸೈಟು ಕೊಳ್ಳಬೇಡಿ. ಹವಾಮಾನ ಇಲಾಖೆಯ 30 ವರ್ಷಗಳ ಸರಾಸರಿ ತೆಗೆದು ನೋಡಿ. ಗರಿಷ್ಠ ಬಿಟ್ಟು ಮೊದಲು ಕನಿಷ್ಠ ಓದಿ. ಗುಡ್ಡದ ಮಗ್ಗುಲಿನ ಜಾಗವಾದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೆನೆದು, ಪಕ್ಕದ ತೋಟದವರ ಮಳೆ ಪುಸ್ತಕ ಕೇಳಿ ನೋಡಿ, ಅವರು ಸಂತೋಷದಿಂದ ತೋರಿಸುತ್ತಾರೆ. ಒಂದು ಏಪ್ರಿಲ್, ಒಂದು ಜುಲೈ ಅಲ್ಲಿ ಬಾಡಿಗೆ ಮನೆಯಲ್ಲಿದ್ದು ನೋಡಿ, ಆಮೇಲೆ ಮುಂಗಡ ಕೊಡಿ.